ಗಾಲ್ಫ್ ಆಡದವಳಿಗೆ ಸಿಕ್ಕ ನಾಲ್ಕು ತಾಸು: ನಾರ್ತ್ ಬೆರಿಕ್‌ನಲ್ಲಿ ನನ್ನ ಅನುಭವ

ಗಾಲ್ಫ್‌ನ ಒಂದು ಆಟ ಮುಗಿಯಲು ನಾಲ್ಕು ತಾಸಾದರೂ ಬೇಕು. ನನ್ನ ಗಂಡ ಆಡುತ್ತಾರೆ, ನಾನು ಆಡುವುದಿಲ್ಲ. ನಮ್ಮ ಮನೆ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ. ಅಲ್ಲಿಂದ ಅರ್ಧ ಗಂಟೆ ಚಿಲ್ಲರೆ ರೈಲಿನಲ್ಲಿ ಕೂತರೆ ನಾರ್ತ್ ಬೆರಿಕ್. ಸಣ್ಣ ಊರು, ಸಮುದ್ರಕ್ಕೆ ಅಂಟಿಕೊಂಡೇ ಗಾಲ್ಫ್ ಮೈದಾನ. ಅಲ್ಲಿನ ಕ್ಲಬ್ ಶುರುವಾದದ್ದು 1832ರಲ್ಲಿ. ಬರುವವರಲ್ಲಿ ಎಷ್ಟೋ ಜನ ಅದಕ್ಕಾಗಿಯೇ ಬರುತ್ತಾರೆ.

ಮೊದಲ ಎರಡು ಸಲ ನಾನು ಸುಮ್ನೆ ಕೆಫೆಯಲ್ಲಿ ಕೂತು ಫೋನ್ ನೋಡಿದೆ. ಮೂರನೇ ಸಲ ಬಂದರಿನ ಕಡೆ ಹೋದರೆ ನೀರೇ ಇರಲಿಲ್ಲ. ದೋಣಿಗಳೆಲ್ಲ ಕೆಸರಿನ ಮೇಲೆ ಒರಗಿಕೊಂಡಿದ್ದವು. ನಾನು ಕುಮಟಾದವಳು, ಉಬ್ಬರ ಇಳಿತ ನೋಡಿಯೇ ಬೆಳೆದವಳು. ಆದರೆ ನಮ್ಮ ಕಡೆ ನೀರು ಏರಿ ಇಳಿಯುವುದು ಎರಡು ಮೀಟರ್ ಆಸುಪಾಸು. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಐದು ಮೀಟರ್ ಹತ್ತಿರ. ಆರು ತಾಸಿನಲ್ಲಿ ಊರಿನ ಅಂಚೇ ಬದಲಾಗಿಬಿಡುತ್ತದೆ. ಅವತ್ತಿನಿಂದ ಹೊರಡುವ ಹಿಂದಿನ ರಾತ್ರಿ ಉಬ್ಬರದ ಪಟ್ಟಿ ಮತ್ತು ಗಾಳಿ ನೋಡಿಯೇ ಮಲಗುತ್ತೇನೆ. ಏನು ಮಾಡಬೇಕು ಅನ್ನೋದನ್ನು ಅವೆರಡೇ ಹೇಳುತ್ತವೆ.

ಇಳಿತವಿದ್ದರೆ ಪಶ್ಚಿಮಕ್ಕೆ, ಯೆಲ್ಲೋಕ್ರೇಗ್ ಕಡೆ ಮರಳಿನ ಮೇಲೆ ನಡಿಗೆ. ಎದುರಿಗೆ ಫಿಡ್ರಾ ದ್ವೀಪ, ಅದರ ಮೇಲೆ ಬಿಳಿ ದೀಪಸ್ತಂಭ. ಮೊದಲ ಸ್ವಲ್ಪ ದೂರ ಮೈದಾನದ ಪಕ್ಕದಲ್ಲೇ ಹೋಗಬೇಕು, ಚೆಂಡು ಬರುತ್ತದಾ ಅಂತ ನೋಡಿಕೊಳ್ಳಿ. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಏಡಿ, ಬಸವನಹುಳು, ಕೆಂಪು ಪಾಚಿ ಎಲ್ಲಾ ಸಿಗುತ್ತವೆ. ಮಕ್ಕಳಿದ್ದರೆ ಅಲ್ಲೇ ಎರಡು ತಾಸು ಕಳೆಯುತ್ತದೆ. ವಾಪಸ್ ಬರುವ ಹೊತ್ತು ಮಾತ್ರ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಉಬ್ಬರವಿದ್ದು ಆಕಾಶ ತಿಳಿಯಾಗಿದ್ದರೆ ಗುಡ್ಡ. ಅದರ ಹೆಸರು ನಾರ್ತ್ ಬೆರಿಕ್ ಲಾ. 'ಲಾ' ಅಂದರೆ ಸ್ಕಾಟ್ಸ್ ಮಾತಿನಲ್ಲಿ ಗುಡ್ಡ ಅಂತಲೇ ಅರ್ಥ. 187 ಮೀಟರ್ ಎತ್ತರ, ಹಳೇ ಜ್ವಾಲಾಮುಖಿಯ ಗಟ್ಟಿ ತಿರುಳು. ಬುಡದಿಂದ ಅರ್ಧ ತಾಸು ಸಾಕು. ತುದಿಯಲ್ಲಿ ತಿಮಿಂಗಿಲದ ದವಡೆಯ ಕಮಾನು ಇದೆ. ನಿಜವಾದ ಎಲುಬು ಕೊಳೆತು 2005ರಲ್ಲಿ ತೆಗೆದರು. ಈಗಿರುವುದು 2008ರಲ್ಲಿ ಹೆಲಿಕಾಪ್ಟರ್‌ನಲ್ಲಿ ತಂದಿಟ್ಟ ಫೈಬರ್‌ಗ್ಲಾಸ್ ಪ್ರತಿ. ಟ್ಯಾಂಟಲನ್ ಕೋಟೆಗೂ ಹೋಗಿದ್ದೇನೆ. ಕೆಂಪು ಕಲ್ಲಿನ ದೊಡ್ಡ ಗೋಡೆ, ಹಿಂದೆ ಕಡಿದಾದ ಬಂಡೆ, ಕೆಳಗೆ ಸಮುದ್ರ. ಚೆನ್ನಾಗಿದೆ. ಆದರೆ ಅಲ್ಲಿ ನಿಂತಾಗಲೂ ನನ್ನ ಕಣ್ಣು ಹೋಗುವುದು ಎದುರಿಗಿರುವ ಬ್ಯಾಸ್ ರಾಕ್ ಮೇಲೇ.

ಬ್ಯಾಸ್ ರಾಕ್ ಸಮುದ್ರದ ನಡುವೆ ನೂರು ಮೀಟರಿಗೂ ಎತ್ತರ ಎದ್ದು ನಿಂತ ಒಂದೇ ಬಂಡೆ. ದೂರದಿಂದ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಆ ಬಿಳುಪು ಗ್ಯಾನೆಟ್ ಅನ್ನೋ ದೊಡ್ಡ ಬಿಳಿ ಕಡಲಹಕ್ಕಿಗಳದ್ದು, ಅವುಗಳ ಹಿಕ್ಕೆಯದ್ದು. ದೋಣಿ ಹೊರಡುವುದು ಬಂದರಿನಿಂದ. ಅಲ್ಲೇ ಪಕ್ಕದಲ್ಲಿ ಸ್ಕಾಟಿಷ್ ಸೀಬರ್ಡ್ ಸೆಂಟರ್ ಇದೆ. ಮಳೆ ಬಂದ ದಿನ ಅಲ್ಲಿ ಕೂತು, ದ್ವೀಪಗಳ ಮೇಲಿಟ್ಟ ಕ್ಯಾಮೆರಾಗಳಲ್ಲಿ ಹಕ್ಕಿಗಳನ್ನು ನೋಡಬಹುದು. ನನ್ನ ಮೊದಲ ದೋಣಿ ಗಾಳಿ ಜಾಸ್ತಿ ಅಂತ ರದ್ದಾಯಿತು, ಎರಡನೆಯದೂ ರದ್ದಾಯಿತು. ಮೂರನೇ ಸಲ, ಜೂನ್‌ನಲ್ಲಿ, ಹೊರಟಿತು.

ಹತ್ತಿರವಾದಂತೆ ಮೊದಲು ವಾಸನೆ ಬರುತ್ತದೆ. ನಮ್ಮ ಕಡೆಯವರಿಗೆ ಒಣಮೀನಿನ ವಾಸನೆ ಹೊಸದಲ್ಲ, ಇದು ಅದಕ್ಕಿಂತ ಖಾರ. ಆಮೇಲೆ ಸದ್ದು, ಸಾವಿರಾರು ಗಂಟಲುಗಳ ಕರಕರ. ತಲೆಯ ಮೇಲೆಲ್ಲ ರೆಕ್ಕೆ. ಒಂದೇ ಹಕ್ಕಿಯ ಮೇಲೆ ಕಣ್ಣಿಟ್ಟು ನೋಡಿ ಅಂತ ಪಕ್ಕದವರು ಹೇಳಿದರು, ಹಾಗೇ ಮಾಡಿದೆ. ಅದು ಒಂದು ಕ್ಷಣ ಗಾಳಿಯಲ್ಲಿ ತಡೆಯಿತು. ತಲೆ ಕೆಳಗೆ ಮಾಡಿತು. ನೀರಿಗೆ ಮುಟ್ಟುವ ಮುಂಚೆ ರೆಕ್ಕೆಗಳನ್ನು ಪೂರ್ತಿ ಹಿಂದಕ್ಕೆ ಎಳೆದುಕೊಂಡು ಬರೀ ಬಾಣವಾಯಿತು. ಠಪ್ ಅಂತ ಸದ್ದು, ಹಸಿರು ನೀರಿನೊಳಗೆ ಒಂದು ಬಿಳಿ ಗೀರು. ಗಂಟೆಗೆ ನೂರು ಕಿಲೋಮೀಟರ್ ಹತ್ತಿರದ ವೇಗ. ಅದಕ್ಕೇ ಅವುಗಳ ಮುಖ, ಎದೆಯ ಚರ್ಮದಡಿ ಗಾಳಿಯ ಚೀಲಗಳಿವೆ, ಹೊರಗೆ ಮೂಗಿನ ಹೊಳ್ಳೆಗಳಿಲ್ಲ. ಮೇಲೆ ಬಂದಾಗ ತಿಳಿ ನೀಲಿ ಕಣ್ಣು ಸ್ಪಷ್ಟವಾಗಿ ಕಂಡಿತು.

2022ರ ಬೇಸಿಗೆ ಇದೇ ಹಕ್ಕಿಗಳು ಹಕ್ಕಿ ಜ್ವರದಿಂದ ಸತ್ತು ದಡಕ್ಕೆ ಬಂದು ಬಿದ್ದವು. ಆಗ ನಾನು ಮರಳಿನ ಮೇಲೆ ನಡೆಯುವುದನ್ನೇ ಬಿಟ್ಟಿದ್ದೆ, ನೋಡಲು ಆಗುತ್ತಿರಲಿಲ್ಲ. 2014ರ ಎಣಿಕೆಯಲ್ಲಿ ಬ್ಯಾಸ್ ಮೇಲೆ 75,000ಕ್ಕೂ ಹೆಚ್ಚು ಗೂಡುಗಳಿದ್ದವು. 2023ರಲ್ಲಿ ಸುಮಾರು 52,000. ಬದುಕುಳಿದ ಕೆಲವು ಹಕ್ಕಿಗಳ ನೀಲಿ ಕಣ್ಣು ಕಪ್ಪಾಗಿದೆ. ಬೈನಾಕ್ಯುಲರ್ ಇದ್ದರೆ ನಿಮಗೂ ಅಂಥದ್ದೊಂದು ಕಾಣಬಹುದು.

ಬರೀ ನೋಡಿ ಬರುವುದು ಸಾಕಾಗಲಿಲ್ಲ ನನಗೆ. ವಿಚಾರಿಸಿದಾಗ ಬಂದರಿನ ಎದುರಿನ ಕ್ರೇಗ್ಲೀತ್ ದ್ವೀಪದ ಕೆಲಸ ಗೊತ್ತಾಯಿತು. ಅಲ್ಲಿ 1999ರಲ್ಲಿ ಪಫಿನ್ ಹಕ್ಕಿಗಳ ಸುಮಾರು 28,000 ಜೋಡಿಗಳಿದ್ದವು. ಆಮೇಲೆ ಟ್ರೀ ಮ್ಯಾಲೋ ಅನ್ನೋ ಗಿಡ ದ್ವೀಪ ತುಂಬಿಕೊಂಡಿತು. ಪಫಿನ್ ಮಣ್ಣಿನ ಬಿಲದಲ್ಲಿ ಮೊಟ್ಟೆ ಇಡುತ್ತದೆ. ಬಿಲದ ಬಾಯಿಗೇ ಗಿಡ ಅಡ್ಡ ನಿಂತರೆ ಎಲ್ಲಿಗೆ ಹೋಗಬೇಕು ಅದು? 2007ರಿಂದ ಸ್ವಯಂಸೇವಕರು ದೋಣಿಯಲ್ಲಿ ಹೋಗಿ ಗಿಡ ಕಡಿಯುತ್ತಿದ್ದಾರೆ. ಹಕ್ಕಿಗಳು ಸಮುದ್ರಕ್ಕೆ ಹೋದ ಮೇಲೆ, ಮರಿ ಮಾಡುವ ಕಾಲ ಬಿಟ್ಟು.

ಅಕ್ಟೋಬರಿನ ಒಂದು ಶನಿವಾರ ನಾನೂ ಹೋದೆ. ದೋಣಿಯಿಂದ ಜಾರುವ ಬಂಡೆಗೆ ಕಾಲಿಡಬೇಕು, ಒಳ್ಳೆ ಬೂಟು ಬೇಕೇ ಬೇಕು. ಉದ್ದ ಹಿಡಿಯ ಕತ್ತರಿ ಕೊಟ್ಟರು. ಗಿಡ ನನ್ನ ತಲೆಗಿಂತ ಎತ್ತರ. ಎಲೆ ಮುಟ್ಟಿದರೆ ಮೆತ್ತಗೆ, ಉಳಿದಿದ್ದ ಒಂದೆರಡು ಹೂವು ನೇರಳೆ, ನಡುವೆ ಗಾಢ ಗೆರೆಗಳು. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಮ್ಮ ದಾಸವಾಳ, ಬೆಂಡೆಯ ಬಳಗದ್ದೇ ಅದು. ಬುಡದ ಹತ್ತಿರ, ನೆಲಕ್ಕೆ ಸಮನಾಗಿ ಕಡಿಯಬೇಕು, ಇಲ್ಲದಿದ್ದರೆ ಮತ್ತೆ ಚಿಗುರುತ್ತದೆ. ಹೆಜ್ಜೆಯನ್ನೂ ನೋಡಿ ಇಡಬೇಕು, ಕೆಳಗೆ ಬಿಲಗಳಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಅಂಗೈ ಉರಿಯುತ್ತಿತ್ತು. ಡಬ್ಬಿಯಲ್ಲಿದ್ದ ಚಪಾತಿ ಪಲ್ಯವನ್ನು ಬಂಡೆಯ ಮೇಲೆ ಕೂತು ನಾಲ್ಕು ಜನ ಹಂಚಿಕೊಂಡು ತಿಂದೆವು.

ಮುಂದಿನ ಜೂನ್‌ನಲ್ಲಿ ದೋಣಿ ಮತ್ತೆ ಕ್ರೇಗ್ಲೀತ್ ಸುತ್ತ ಬಂತು. ಈ ಸಲ ಗಂಡನೂ ಜೊತೆಗಿದ್ದರು. ನಾವು ಕಡಿದಿದ್ದ ಇಳಿಜಾರಿನಲ್ಲಿ ಹುಲ್ಲು ಬಂದಿತ್ತು. ಒಂದು ಪಫಿನ್ ಕೊಕ್ಕಿನಲ್ಲಿ ಸಣ್ಣ ಮೀನುಗಳನ್ನು ಅಡ್ಡ ಹಿಡಿದುಕೊಂಡು ಬಂದು ಇಳಿಯಿತು, ಆ ಕಡೆ ಈ ಕಡೆ ನೋಡಿತು, ಬಿಲದೊಳಗೆ ನುಗ್ಗಿತು.