ತೂಕ ಇಳಿಸುವ ಆಪರೇಷನ್: ಯಾವುದರ ತೊಂದರೆ ನಿಮಗೆ ಒಗ್ಗದು ಎಂದು ಮೊದಲು ನೋಡಿ

ಸ್ಲೀವ್ (ಜಠರವನ್ನು ಕತ್ತರಿಸಿ ಕಿರಿದಾಗಿಸುವುದು) ಮಾಡಿಸಿದರೆ ಎಷ್ಟು ಕೆ.ಜಿ. ಇಳಿಯುತ್ತೆ, ಬೈಪಾಸ್ (ಹೊಟ್ಟೆಯೊಳಗೆ ಊಟದ ದಾರಿ ಬದಲಿಸುವುದು) ಮಾಡಿಸಿದರೆ ಎಷ್ಟು? ಸರ್ಜನ್ ಎದುರು ಕೂತವರು ಮೊದಲು ಕೇಳುವ ಪ್ರಶ್ನೆ ಇದೇ. ಫಿನ್ಲೆಂಡಿನಲ್ಲಿ 240 ಜನರನ್ನು ಸೇರಿಸಿಕೊಂಡು ನಡೆಸಿದ ಸ್ಲೀವ್‌ಪಾಸ್ ಅಧ್ಯಯನದಲ್ಲಿ, ಹತ್ತು ವರ್ಷದ ಹೊತ್ತಿಗೆ ಸ್ಲೀವ್‌ನವರು ತಮ್ಮ ಹೆಚ್ಚುವರಿ ತೂಕದಲ್ಲಿ ಸುಮಾರು 44%, ಬೈಪಾಸಿನವರು ಸುಮಾರು 51% ಕಳೆದುಕೊಂಡಿದ್ದರು. ಅದೇ ಜನರಿಗೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳ ಆಮ್ಲದಿಂದ ಸುಟ್ಟಂತಾಗಿದ್ದದ್ದು ಸ್ಲೀವ್‌ನವರಲ್ಲಿ 31%, ಬೈಪಾಸಿನವರಲ್ಲಿ 7%. ತೂಕದಲ್ಲಿ ಅಲ್ಪ ವ್ಯತ್ಯಾಸ, ತೊಂದರೆಯಲ್ಲಿ ಅಜಗಜಾಂತರ. ಹಾಗಾಗಿ ಆಯ್ಕೆಯನ್ನು ತೊಂದರೆಗಳ ಕಡೆಯಿಂದಲೇ ಶುರುಮಾಡಬೇಕು.

ಸರ್ಜನ್ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ: ವಾರಕ್ಕೆ ಎಷ್ಟು ದಿನ ಎದೆಯುರಿ, ಹುಳಿತೇಗು ಬರುತ್ತದೆ; ಮಂಡಿನೋವು, ಸೊಂಟನೋವಿಗೆ ಯಾವ ಮಾತ್ರೆ ನುಂಗುತ್ತೀರಿ; ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸ; ಶುಗರ್ ಬಂದು ಎಷ್ಟು ವರ್ಷ, ಇನ್ಸುಲಿನ್ ಉಂಟೇ; ಹಿಮೋಗ್ಲೋಬಿನ್ ಎಷ್ಟಿದೆ; ಕಿಡ್ನಿ ಕಲ್ಲು ಆಗಿತ್ತೇ; ಮುಂದೆ ಮಗು ಬೇಕೇ; ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು. ಕೆಳಗಿನ ಒಂದೊಂದು ಆಪರೇಷನ್ನನ್ನೂ ಈ ಹಾಳೆಯ ಪಕ್ಕದಲ್ಲಿಟ್ಟು ಓದಿ.

ಸ್ಲೀವ್

ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಕರುಳಿಗೆ ಕೈ ಹಾಕುವುದಿಲ್ಲ, ಆಪರೇಷನ್ ಬೇಗ ಮುಗಿಯುತ್ತದೆ. ಆದರೆ ತೆಗೆದದ್ದನ್ನು ಮತ್ತೆ ಇಡಲಾಗದು. ‘ಸ್ಲೀವ್ ಅಂದರೆ ಸಣ್ಣ ಆಪರೇಷನ್’ ಎಂಬ ಮಾತು ಕೇಳಿಬಂದರೆ ಇದನ್ನು ನೆನಪಿಟ್ಟುಕೊಳ್ಳಿ.

ಇದರ ದೊಡ್ಡ ಕುಂದು ಎದೆಯುರಿ. ಇಕ್ಕಟ್ಟಾದ ಕೊಳವೆಯೊಳಗೆ ಒತ್ತಡ ಹೆಚ್ಚಿ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಮೊದಲೇ ಹುಳಿತೇಗು ಇದ್ದವರಿಗೆ ಅದು ಉಲ್ಬಣಿಸಬಹುದು, ಇಲ್ಲದವರಿಗೆ ಹೊಸದಾಗಿ ಬರಬಹುದು. ಕೆಲವರು ಕೊನೆಗೆ ಅದಕ್ಕಾಗಿಯೇ ಬೈಪಾಸ್ ಮಾಡಿಸಬೇಕಾಗುತ್ತದೆ. ಆದ್ದರಿಂದ ಸ್ಲೀವ್‌ಗೆ ಒಪ್ಪುವ ಮೊದಲು ಎಂಡೋಸ್ಕೋಪಿ ಆಗಲೇಬೇಕು. ಅದರಲ್ಲಿ ಅನ್ನನಾಳದ ತೀವ್ರ ಉರಿಯೂತವೋ ಬ್ಯಾರೆಟ್ ಬದಲಾವಣೆಯೋ (ಆಮ್ಲದ ಹೊಡೆತಕ್ಕೆ ಅನ್ನನಾಳದ ಒಳಪದರವೇ ಬದಲಾಗುವುದು) ಕಂಡರೆ ಸ್ಲೀವ್ ಯೋಚನೆ ಬಿಡುವುದೇ ಕ್ಷೇಮ.

ಎರಡನೆಯದು ಕತ್ತರಿಸಿ ಮುಚ್ಚಿದ ಜಾಗದ ಸೋರಿಕೆ. ಅಪರೂಪ, ಆದರೆ ಒಮ್ಮೆ ಆಯಿತೆಂದರೆ ವಾಸಿಯಾಗಲು ವಾರಗಟ್ಟಲೆ ಬೇಕು. ಸಾಮಾನ್ಯವಾಗಿ ಸೋರುವುದು ಸ್ಟೇಪಲ್ (ಜಠರ ಮುಚ್ಚಲು ಹಾಕುವ ಪಿನ್ನು) ಸಾಲಿನ ಮೇಲ್ತುದಿಯಲ್ಲಿ, ಅನ್ನನಾಳ ಜಠರಕ್ಕೆ ಸೇರುವಲ್ಲಿ. ಕೊಳವೆಯೊಳಗಿನ ಒತ್ತಡ ಆ ರಂಧ್ರವನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಮನೆಗೆ ಬಂದ ಮೇಲೆ ಮೊದಲ ಎರಡು ವಾರ ನಾಡಿ ಎಣಿಸುತ್ತಿರಿ. ಸುಮ್ಮನೆ ಕೂತಿದ್ದಾಗಲೂ ನಿಮಿಷಕ್ಕೆ 120 ದಾಟುತ್ತಿದ್ದರೆ, ಜ್ವರವೋ ಎಡಭುಜದ ನೋವೋ ಜೊತೆಗಿದ್ದರೆ, ‘ಗ್ಯಾಸ್ ಇರಬೇಕು’ ಎಂದು ಬೆಳಗಿನವರೆಗೆ ಕಾಯಬೇಡಿ. ಹೊಟ್ಟೆ ನೋಯುವ ಮೊದಲೇ ನಾಡಿ ಓಡತೊಡಗುವುದುಂಟು.

ಬೈಪಾಸ್

ಇಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅದರ ಮೂಲಕ ಹಾಯುವುದಿಲ್ಲ. ಎದೆಯುರಿಗೆ ಇದಕ್ಕಿಂತ ಒಳ್ಳೆಯ ಆಪರೇಷನ್ ಇಲ್ಲ. ಬೆಲೆ ತೆರುವುದು ಬೇರೆ ಕಡೆ.

ಮೊದಲನೆಯದು ಹೊಲಿಗೆ ಜಾಗದ ಹುಣ್ಣು. ಇದಕ್ಕೆ ಎರಡು ಮುಖ್ಯ ಕಾರಣ ತಂಬಾಕು ಮತ್ತು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳನ್ನು ಬೈಪಾಸ್ ಆದವರು ಬದುಕಿಡೀ ದೂರವಿಡಬೇಕು, ಪ್ಯಾರಾಸಿಟಮಾಲ್ ಆಗಬಹುದು. ಸಂಧಿವಾತಕ್ಕೆ ಇಂಥ ಮಾತ್ರೆ ಇಲ್ಲದೆ ದಿನ ದೂಡಲಾಗದವರು, ಸಿಗರೇಟು ಬಿಡುವ ಭರವಸೆ ಇಲ್ಲದವರು ಇಲ್ಲಿಯೇ ನಿಂತು ಯೋಚಿಸಬೇಕು. ಮೆಡಿಕಲ್ ಶಾಪಿನಲ್ಲಿ ಬೆನ್ನುನೋವಿಗೆಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಇದೇ ಮಾತ್ರೆ, ಆದ್ದರಿಂದ ಹೆಸರು ಮನೆಮಂದಿಗೂ ಗೊತ್ತಿರಲಿ.

ಎರಡನೆಯದು ಡಂಪಿಂಗ್. ಅರ್ಧ ಹೋಳಿಗೆ ತಿಂದರೂ ಸಕ್ಕರೆ ನೇರ ಕರುಳಿಗೆ ಇಳಿಯುತ್ತದೆ. 10ರಿಂದ 30 ನಿಮಿಷದಲ್ಲಿ ಎದೆ ಡವಗುಟ್ಟಿ, ಬೆವರು ಬಂದು, ಹೊಟ್ಟೆ ಹಿಂಡಿ, ಮಲಗಬೇಕೆನಿಸುತ್ತದೆ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಕುಸಿದು ಕೈ ನಡುಗುತ್ತದೆ. ಆಗ ಸಕ್ಕರೆ ನೀರು ಕುಡಿದು ಸುಧಾರಿಸಿಕೊಂಡರೂ, ಅದನ್ನೇ ರೂಢಿ ಮಾಡಿಕೊಂಡರೆ ಮತ್ತೆ ಏರಿ ಮತ್ತೆ ಕುಸಿಯುತ್ತದೆ. ಮದ್ದು ಊಟದಲ್ಲಿದೆ: ಸಿಹಿ ಕಡಿಮೆ, ಪ್ರೋಟೀನ್ ಮೊದಲು, ನೀರು ಊಟದ ಅರ್ಧ ಗಂಟೆ ನಂತರ.

ಮೂರನೆಯದು, ವರ್ಷಗಳಾದ ಮೇಲೂ ಬರಬಹುದಾದ ಒಳಹರ್ನಿಯಾ. ತೂಕ ಇಳಿದಂತೆ ಕರುಳಿನ ಪೊರೆಯ ಕೊಬ್ಬು ಕರಗಿ ಸಂದುಗಳು ಅಗಲವಾಗುತ್ತವೆ, ಅದರೊಳಗೆ ಕರುಳು ತೂರಿ ಸಿಕ್ಕಿಹಾಕಿಕೊಳ್ಳುತ್ತದೆ. ಉಂಡ ಮೇಲೆ ಬಂದುಹೋಗುವ ನುಲಿತದ ನೋವು ಇದರ ಗುರುತು. ಸ್ಕ್ಯಾನ್ ಸರಿಯಾಗಿದೆ ಎಂದು ಬಂದರೂ ಇದಿಲ್ಲ ಎನ್ನುವಂತಿಲ್ಲ. ‘ಆ ಸಂದುಗಳನ್ನು ಕರಗದ ದಾರದಲ್ಲಿ ಹೊಲಿಯುತ್ತೀರಾ?’ ಎಂದು ಸರ್ಜನ್‌ರನ್ನು ಮುಂಚೆಯೇ ಕೇಳಿ.

ಇವಲ್ಲದೆ ಕಬ್ಬಿಣ, ಕ್ಯಾಲ್ಸಿಯಂ ಹೀರುವ ಕರುಳಿನ ಭಾಗವೇ ದಾರಿ ತಪ್ಪಿರುವುದರಿಂದ ರಕ್ತಹೀನತೆ ಹೆಚ್ಚು. ಕಿಡ್ನಿ ಕಲ್ಲಿನ ಸಾಧ್ಯತೆಯೂ ಏರುತ್ತದೆ. ಒಳಗೆ ಉಳಿದ ಜಠರಕ್ಕೆ ಸಾಮಾನ್ಯ ಎಂಡೋಸ್ಕೋಪಿ ತಲುಪದು. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್ ಎಂದಿರುವ ನಿಧಾನ ಕರಗುವ ಮಾತ್ರೆಗಳು ಸರಿಯಾಗಿ ಒಳಸೇರದಿರಬಹುದು, ಅವನ್ನು ಬದಲಿಸಿಕೊಳ್ಳಬೇಕು. ಮದ್ಯ ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

ಮಿನಿ ಬೈಪಾಸ್ ಮತ್ತು ಉಳಿದವು

ಮಾಮೂಲಿ ಬೈಪಾಸಿನಲ್ಲಿ ಚೀಲಕ್ಕೆ ಕರುಳು, ಕರುಳಿಗೆ ಕರುಳು ಎಂದು ಎರಡು ಜೋಡಣೆ; ಮಿನಿ ಬೈಪಾಸಿನಲ್ಲಿ ಒಂದೇ ಇರುತ್ತದೆ. ಹೆಸರು ಮಿನಿ ಆದರೂ ಊಟದ ದಾರಿಯಿಂದ ಬಿಟ್ಟುಹೋಗುವ ಕರುಳು ಹೆಚ್ಚು ಉದ್ದ. ಪಿತ್ತರಸ ಜಠರದ ಚೀಲದ ಬಾಯಿಯಲ್ಲೇ ಹಾದುಹೋಗುವುದರಿಂದ ಕಹಿ ಮೇಲೆ ಬರಬಹುದು, ಅದು ಆಮ್ಲದ ಮಾತ್ರೆಗೆ ಬಗ್ಗುವುದಿಲ್ಲ. ಕರುಳನ್ನು ಹೀಗೆ 200 ಸೆಂ.ಮೀ.ಗಿಂತ ಹೆಚ್ಚು ದಾರಿಯಿಂದ ಬಿಟ್ಟರೆ ಪ್ರೋಟೀನ್ ಕೊರತೆ, ಕಾಲು ಊತ, ಪದೇಪದೇ ಭೇದಿ ಕಾಡಬಹುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಈ ಸೆಂಟಿಮೀಟರಿನ ಲೆಕ್ಕವನ್ನು ಕೇಳದೆ ಒಪ್ಪಬಾರದು.

ಸ್ಲೀವ್ ಜೊತೆಗೆ ಸಣ್ಣ ಕರುಳಿನ ಬಹುಭಾಗವನ್ನೂ ಊಟದ ದಾರಿಯಿಂದ ತಪ್ಪಿಸುವ ಡ್ಯುಯೊಡಿನಲ್ ಸ್ವಿಚ್‌ನಲ್ಲಿ ತೂಕ ಎಲ್ಲಕ್ಕಿಂತ ಹೆಚ್ಚು ಇಳಿಯುತ್ತದೆ, ಎ, ಡಿ, ಇ, ಕೆ ವಿಟಮಿನ್ನುಗಳ ಕೊರತೆಯೂ ಎಲ್ಲಕ್ಕಿಂತ ಹೆಚ್ಚು. ಜಿಡ್ಡಿನ, ದುರ್ವಾಸನೆಯ ಭೇದಿ ಜೊತೆಗೇ ಬರುತ್ತದೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಪಟ್ಟಣಕ್ಕೆ ಬರಲಾಗದವರಿಗೆ ಇದು ಬೇಡ. ಇನ್ನು ಬ್ಯಾಂಡ್, ಅಂದರೆ ಜಠರದ ಮೇಲ್ಭಾಗಕ್ಕೆ ಬಿಗಿಯುವ ಪಟ್ಟಿ: ಅದು ಜಾರುವುದು, ಜಠರವನ್ನು ಕೊರೆದು ಒಳಗಿಳಿಯುವುದು, ಮತ್ತೆ ಮತ್ತೆ ಆಪರೇಷನ್ ಬೇಡುವುದು ಉಂಟು; ಅದಕ್ಕೇ ಎಲ್ಲೆಡೆ ಬಳಕೆ ಬಿದ್ದುಹೋಗಿದೆ.

ಯಾವುದಾದರೂ ತಪ್ಪದವು

ಬದುಕಿಡೀ ವಿಟಮಿನ್. ಬಿ12 ದಿನಕ್ಕೆ 350ರಿಂದ 1000 ಮೈಕ್ರೊಗ್ರಾಂ ಮಾತ್ರೆ, ಇಲ್ಲವೇ ತಿಂಗಳಿಗೆ 1000 ಮೈಕ್ರೊಗ್ರಾಂ ಇಂಜೆಕ್ಷನ್. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿ.ಗ್ರಾಂ (ಡ್ಯುಯೊಡಿನಲ್ ಸ್ವಿಚ್ ಆದರೆ ಇನ್ನೂ ಹೆಚ್ಚು), ಬೈಪಾಸಾದರೆ ಸಿಟ್ರೇಟ್ ರೂಪದ್ದು. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣ 45ರಿಂದ 60 ಮಿ.ಗ್ರಾಂ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಇರಲಿ.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18. ಅರ್ಧ ಬಟ್ಟಲಿಗೇ ತುಂಬುವ ಹೊಟ್ಟೆಗೆ ಅನ್ನ ಸಾರು ಹಾಕಿದರೆ ಈ ಲೆಕ್ಕ ಎಂದೂ ಮುಟ್ಟದು. ಮೂರು ತಿಂಗಳಾದ ಮೇಲೆ ಶುರುವಾಗುವ ಕೂದಲು ಉದುರುವಿಕೆ ಬಹುತೇಕ ಎಲ್ಲ ಆಪರೇಷನ್ನಿನಲ್ಲೂ ಉಂಟು, ಪ್ರೋಟೀನ್ ಕಡಿಮೆಯಾದರೆ ಹೆಚ್ಚು.

ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು. ತಡೆಯಲು ಆರು ತಿಂಗಳ ಮಾತ್ರೆ ಕೊಡುತ್ತಾರೆ. ಗರ್ಭ ಧರಿಸಲು 12ರಿಂದ 18 ತಿಂಗಳು ಕಾಯಬೇಕು. ಬೈಪಾಸಾದವರು ಬರೀ ಗರ್ಭನಿರೋಧಕ ಗುಳಿಗೆ ನಂಬಬಾರದು. ಹತ್ತಾರು ವರ್ಷದ ಶುಗರ್, ಇನ್ಸುಲಿನ್ ಇದ್ದವರಿಗೆ ಯಾವ ಆಪರೇಷನ್ನಿನಲ್ಲೂ ಅದು ಪೂರ್ತಿ ಹೋಗುವ ಸಾಧ್ಯತೆ ಕಡಿಮೆ.

ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ಬಿ1 ವಿಟಮಿನ್ (ಥಯಮಿನ್) ಬರಿದಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ನಡಿಗೆ ತೂರಾಡುವುದು ಅದರ ಸೂಚನೆ. ಊರಿನ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಉಳಿದಷ್ಟೂ ಬಿ1 ಖರ್ಚಾಗಿ ಪರಿಸ್ಥಿತಿ ಕೈಮೀರಬಹುದು. ‘ನನಗೆ ತೂಕದ ಆಪರೇಷನ್ ಆಗಿದೆ, ಗ್ಲೂಕೋಸಿಗೆ ಮೊದಲು ಥಯಮಿನ್ ಕೊಡಿ’ ಎಂದು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.

ವಿಮೆ ಇದ್ದವರು ಪಾಲಿಸಿಯ ಷರತ್ತು ಓದಿ: ಸಾಮಾನ್ಯವಾಗಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40, ಅಥವಾ ಹಿಡಿತಕ್ಕೆ ಸಿಗದ ಶುಗರ್, ತೀವ್ರ ನಿದ್ರಾ ಉಸಿರುಕಟ್ಟು, ಹೃದ್ರೋಗ ಇವುಗಳಲ್ಲಿ ಒಂದಿದ್ದು 35 ಇರಬೇಕು. ಆಪರೇಷನ್ನಿನ ಬಿಲ್ ಸಿಕ್ಕರೂ ಮುಂದಿನ ವಿಟಮಿನ್, ರಕ್ತಪರೀಕ್ಷೆಯ ಖರ್ಚು ಹೆಚ್ಚಾಗಿ ನಿಮ್ಮ ಕೈಯಿಂದಲೇ. ಅದನ್ನೂ ಹಾಳೆಯಲ್ಲಿ ಸೇರಿಸಿ. ಡಿಸ್ಚಾರ್ಜ್ ಆಗುವಾಗ ಯಾವ ಆಪರೇಷನ್, ಎಷ್ಟು ಸೆಂ.ಮೀ. ಕರುಳನ್ನು ಊಟದ ದಾರಿಯಿಂದ ಬಿಟ್ಟಿದ್ದಾರೆ, ಸಂದು ಹೊಲಿದಿದ್ದಾರೋ ಇಲ್ಲವೋ ಎಂಬುದನ್ನು ಸಮರಿಯಲ್ಲಿ ಬರೆಸಿಕೊಳ್ಳಿ. ಐದು ವರ್ಷದ ಮೇಲೆ ನಡುರಾತ್ರಿ ಹೊಟ್ಟೆನೋವಿನಿಂದ ಬೇರೊಂದು ಆಸ್ಪತ್ರೆಗೆ ಹೋದಾಗ ಅಲ್ಲಿನ ಸರ್ಜನ್ ಮೊದಲು ಕೇಳುವುದು ಅದನ್ನೇ.