ಚಂದದ ಡೆಸ್ಕ್‌ಟಾಪ್‌ಗೆ ಅಷ್ಟೊಂದು ದುಡ್ಡು ಕೊಡಬಹುದಾ? ಲೆಕ್ಕ ಹಾಕುವುದು ಹೀಗೆ

ನೋಡಿದ ಕೂಡಲೇ ಬೇಕು ಅನ್ನಿಸುವ ಕಂಪ್ಯೂಟರ್‌ಗಳಿವೆ. ತೆಳ್ಳಗಿನ ಪರದೆ, ಒಂದೂ ಸ್ಕ್ರೂ ಕಾಣದ ಲೋಹದ ಮೈ, ಹಿಂದುಗಡೆ ಒಂದೇ ಒಂದು ವೈರು. ಬೆಲೆ ಕೇಳಿದಾಗ ಮಾತ್ರ ಎದೆ ಧಸಕ್ ಅನ್ನುತ್ತದೆ. ಇಷ್ಟೇ ಕೆಲಸ ಮಾಡುವ ಕಪ್ಪು ಡಬ್ಬ ಅರ್ಧ ಬೆಲೆಗೆ ಸಿಗುತ್ತದಲ್ಲ, ಇದು ಬರೀ ಶೋಕಿ ಎಂದು ಪಕ್ಕದಲ್ಲಿದ್ದವರು ಯಾರಾದರೂ ಹೇಳಿಯೇ ಹೇಳುತ್ತಾರೆ.

ಅಂದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನೂ ಇಲ್ಲ. ದಿನಕ್ಕೆ ಏಳೆಂಟು ಗಂಟೆ ಕಣ್ಣೆದುರು ಇರುವ ವಸ್ತು ಚೆನ್ನಾಗಿರಲಿ ಎಂದು ಯಾರಿಗೂ ಅನ್ನಿಸುತ್ತದೆ. ಆದರೆ ಆ ಅಂದಕ್ಕೆ ಎಷ್ಟು ಕೊಡುತ್ತಿದ್ದೀರಿ, ಅದು ಎಷ್ಟು ವರ್ಷ ನಿಮ್ಮ ಜೊತೆ ಇರುತ್ತದೆ ಎನ್ನುವುದು ಗೊತ್ತಿರಬೇಕು. ಅದನ್ನು ಕಂಡುಕೊಳ್ಳುವ ದಾರಿ ಇಲ್ಲಿದೆ.

1. ಮೊದಲು ಕೆಲಸ ಬರೆದಿಡಿ

ಕಂಪ್ಯೂಟರ್‌ನಲ್ಲಿ ದಿನಾ ಏನು ಮಾಡುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಇಮೇಲ್, ಬ್ರೌಸರ್, ಲೆಕ್ಕಪತ್ರ, ಸಿನಿಮಾ ಇಷ್ಟೇ ಆದರೆ ಸಾಧಾರಣ ಕಂಪ್ಯೂಟರ್ ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟ ದುಡ್ಡೆಲ್ಲ ಅಂದದ ಖಾತೆಗೆ ಹೋಯಿತು ಎಂದೇ ತಿಳಿಯಿರಿ. ಫೋಟೊ, ವಿಡಿಯೊ ಎಡಿಟಿಂಗ್, ಪುಟ ವಿನ್ಯಾಸ ಇದ್ದರೆ ಪರದೆ ಮುಖ್ಯ. 3ಡಿ ಕೆಲಸ, ದೊಡ್ಡ ಗೇಮ್‌ಗಳಿದ್ದರೆ ಗ್ರಾಫಿಕ್ಸ್ ಕಾರ್ಡ್ ಮುಖ್ಯ. ಅದು ತೆಳ್ಳಗಿನ ಮೈಯೊಳಗೆ ಕೂರುವುದು ಕಷ್ಟ.

2. ಸಾದಾ ಜೋಡಿಯೊಂದನ್ನು ಹುಡುಕಿ

ನೀವು ಇಷ್ಟಪಟ್ಟ ಕಂಪ್ಯೂಟರ್‌ನ ಒಳಗೆ ಏನಿದೆಯೋ ಅಷ್ಟೇ ಇರುವ ಸಾದಾ ಕಂಪ್ಯೂಟರ್ ಒಂದರ ಬೆಲೆ ಕೂಡಿಸಿ. ಅದೇ ದರ್ಜೆಯ ಪ್ರೊಸೆಸರ್, ಅಷ್ಟೇ ರ‍್ಯಾಮ್, ಅಷ್ಟೇ ಸ್ಟೋರೇಜ್. ಎರಡರ ನಡುವಿನ ವ್ಯತ್ಯಾಸವೇ ಅಂದದ ಬೆಲೆ.

ಇಲ್ಲಿ ಬಹಳ ಜನ ಎಡವುವುದು ಪರದೆಯ ವಿಷಯದಲ್ಲಿ. ಡಿಸೈನರ್ ಕಂಪ್ಯೂಟರ್‌ನ 5ಕೆ, ಅಂದರೆ ಅಡ್ಡಕ್ಕೆ ಸುಮಾರು ಐದು ಸಾವಿರ ಚುಕ್ಕೆಗಳಿರುವ ಪರದೆಯನ್ನು ಮರೆತು, ಸಾದಾ ಡಬ್ಬಕ್ಕೆ ಅಗ್ಗದ ಮಾನಿಟರ್ ಸೇರಿಸಿ ಲೆಕ್ಕ ಹಾಕುತ್ತಾರೆ. 2014ರ ಒಂದು ಉದಾಹರಣೆ ನೋಡಿ. ಆಪಲ್ ಆ ವರ್ಷ ಅಕ್ಟೋಬರ್‌ನಲ್ಲಿ ಪರದೆಯೊಳಗೇ ಕಂಪ್ಯೂಟರ್ ಇರುವ 27 ಇಂಚಿನ 5ಕೆ ಐಮ್ಯಾಕ್ ತಂದಿತು. ಅಮೆರಿಕದಲ್ಲಿ ಬೆಲೆ 2,499 ಡಾಲರ್. ಅದಕ್ಕೆ ಒಂದು ತಿಂಗಳು ಮುಂಚೆ ಡೆಲ್ ಕಂಪನಿ 5ಕೆ ಮಾನಿಟರ್ ಘೋಷಿಸಿತ್ತು. ಬರೀ ಮಾನಿಟರ್‌ಗೆ ಅದು ಹೇಳಿದ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ! ಡೆಲ್ ಆಮೇಲೆ ಬೆಲೆ ಇಳಿಸಿತು, ಆ ಮಾತು ಬೇರೆ. ಆದರೆ ಆ ಹೊತ್ತಿಗೆ ಚಂದದ ಕಂಪ್ಯೂಟರೇ ಅಗ್ಗದ ಮಾಲು. ಹಾಗಾಗಿ ‘ದುಬಾರಿ’ ಎಂದು ಮೊದಲೇ ತೀರ್ಮಾನಿಸಿ ಮೂಗು ಮುರಿಯುವುದು ಬೇಡ.

ಇದಕ್ಕೆ ತದ್ವಿರುದ್ಧದ ಉದಾಹರಣೆಯೂ ಆಪಲ್‌ನದೇ. 2019ರ ಮ್ಯಾಕ್ ಪ್ರೊ ಬೆಲೆ 5,999 ಡಾಲರ್‌ನಿಂದ ಶುರು. ಅದಕ್ಕೆ ಚಕ್ರ ಬೇಕೆಂದರೆ ಇನ್ನೂ 400 ಡಾಲರ್. ಅಷ್ಟು ಕೊಟ್ಟರೂ ಆ ಚಕ್ರಗಳಿಗೆ ಬ್ರೇಕ್ ಇರಲಿಲ್ಲ. ಜೊತೆಗೆ ಬಂದ ದೊಡ್ಡ ಪರದೆಯ ಸ್ಟ್ಯಾಂಡಿಗೆ ಬೇರೆಯಾಗಿ 999 ಡಾಲರ್. ಇಂಥ ಕಡೆ ಸಾದಾ ಜೋಡಿ ಹುಡುಕುವ ಗೋಜೂ ಬೇಡ, ಕಣ್ಣಿಗೇ ಕಾಣುತ್ತದೆ.

3. ಸೇರಿಸಿದ್ದಕ್ಕೆ ಎಷ್ಟು ಎಂದು ನೋಡಿ

ಜಾಹೀರಾತಿನಲ್ಲಿರುವುದು ಶುರುವಿನ ಬೆಲೆ. ನಿಮ್ಮ ಕೆಲಸಕ್ಕೆ ಬೇಕಾದ ರ‍್ಯಾಮ್, ಸ್ಟೋರೇಜ್ ಸೇರಿಸಿದ ಮೇಲೆ ನಿಜವಾದ ಬೆಲೆ ಗೊತ್ತಾಗುತ್ತದೆ. ಆಪಲ್‌ನ ಪರದೆಯಿಲ್ಲದ ಪುಟ್ಟ ಕಂಪ್ಯೂಟರ್ 2024ರ ಮ್ಯಾಕ್ ಮಿನಿ 599 ಡಾಲರ್‌ಗೆ ಬಂದಾಗ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ ಎಂದು ಬಹಳ ಜನ ಹೊಗಳಿದರು. ಹೊಗಳಿದ್ದು ಸರಿಯೇ. ಆದರೆ 256 ಜಿಬಿ ಸ್ಟೋರೇಜನ್ನು 512 ಮಾಡಿಸಿದರೆ 200 ಡಾಲರ್ ಜಾಸ್ತಿ. ಅಂದರೆ ಇಡೀ ಕಂಪ್ಯೂಟರ್‌ನ ಬೆಲೆಯ ಮೂರನೇ ಒಂದು ಭಾಗ. ಅದೇ ದಿನಗಳಲ್ಲಿ ಹೊರಗೆ 1 ಟಿಬಿಯ (1,000 ಜಿಬಿಯ) ಒಳ್ಳೆಯ ಸ್ಟೋರೇಜ್ ಡ್ರೈವ್, ಅಂದರೆ ಎಸ್‌ಎಸ್‌ಡಿ 100 ಡಾಲರ್ ಒಳಗೇ ಸಿಗುತ್ತಿತ್ತು.

ಇಂಥ ಕಂಪ್ಯೂಟರ್‌ಗಳಲ್ಲಿ ಲಾಭದ ಗುಟ್ಟು ಇರುವುದು ಹೆಚ್ಚಾಗಿ ಇಲ್ಲೇ. ರ‍್ಯಾಮ್ ಅನ್ನು ಬೋರ್ಡಿಗೇ ಅಂಟಿಸಿರುತ್ತಾರೆ. ಆಮೇಲೆ ಹಾಕಿಸಿಕೊಳ್ಳೋಣ ಅಂದರೆ ಆಗುವುದಿಲ್ಲ. ಅದಕ್ಕೇ ಕೊಳ್ಳುವ ದಿನವೇ ಅವರು ಕೇಳಿದಷ್ಟು ಕೊಡಬೇಕು.

4. ಬಿಸಿ ಎಲ್ಲಿಗೆ ಹೋಗುತ್ತದೆ?

ಕಂಪ್ಯೂಟರ್ ಉಂಡ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಗೆ ತಳ್ಳಲು ಗಾಳಿ ಬೇಕು. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿ ಮಾಡುವ ಕೆಲಸವನ್ನು ಸಣ್ಣ ಫ್ಯಾನ್ ಮಾಡಬೇಕಾದರೆ ಜೋರಾಗಿ ತಿರುಗಬೇಕು, ಸದ್ದು ಮಾಡಬೇಕು. ಸದ್ದು 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. ಗಾಳಿ ಸಾಲದೇ ಹೋದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ನೀವು ದುಡ್ಡು ಕೊಟ್ಟಿದ್ದು ಒಂದು ವೇಗಕ್ಕೆ, ಸಿಗುವುದು ಇನ್ನೊಂದು.

ಆಪಲ್‌ನ 2000ದ ಪವರ್ ಮ್ಯಾಕ್ ಜಿ4 ಕ್ಯೂಬ್ ಇದಕ್ಕೆ ಒಳ್ಳೆಯ ಪಾಠ. ಗಾಜಿನಂತೆ ಹೊಳೆಯುವ ಅಕ್ರಿಲಿಕ್ ಕವಚದೊಳಗೆ ಎಂಟು ಇಂಚಿನ ಘನಾಕೃತಿ. ಫ್ಯಾನೇ ಇಲ್ಲ. ಬಿಸಿಗಾಳಿ ಚಿಮಣಿಯಲ್ಲಿ ಏರಿದ ಹಾಗೆ ಮೇಲಕ್ಕೆ ಹೋಗಬೇಕು. ಪವರ್ ಬಟನ್ ಕೂಡ ಒತ್ತುವಂಥದ್ದಲ್ಲ, ಮುಟ್ಟಿದರೆ ಸಾಕು. ಕೈ ತಾಗಿ ತಾನಾಗೇ ಆನ್, ಆಫ್ ಆಗುತ್ತದೆ ಎಂದು ಜನ ದೂರಿದರು. ಕವಚದಲ್ಲಿ ಅಚ್ಚಿನ ಗೆರೆಗಳು ಬಿರುಕಿನಂತೆ ಕಂಡವು. ಬೆಲೆ 1,799 ಡಾಲರ್, ಅದೂ ಮಾನಿಟರ್ ಇಲ್ಲದೆ. ಒಂದೇ ವರ್ಷಕ್ಕೆ, 2001ರ ಜುಲೈನಲ್ಲಿ, ಕಂಪನಿ ಅದನ್ನು ನಿಲ್ಲಿಸಿತು. ಈಗ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಅದು ಹೇಳಿ ಮಾಡಿಸಿದ ವಸ್ತು.

ಹದಿಮೂರು ವರ್ಷ ಬಿಟ್ಟು ಅದೇ ಕಂಪನಿ ಅದೇ ಹಳ್ಳಕ್ಕೆ ಇನ್ನೊಮ್ಮೆ ಬಿತ್ತು. 2013ರ ಮ್ಯಾಕ್ ಪ್ರೊ ಕಪ್ಪು ಉರುಳೆಯ ಆಕಾರದ್ದು. ನಡುವೆ ತ್ರಿಕೋನದ ಲೋಹದ ತಿರುಳು, ಅದರ ಮೂರು ಮುಖಗಳಿಗೆ ಒಂದು ಪ್ರೊಸೆಸರ್, ಎರಡು ಗ್ರಾಫಿಕ್ಸ್ ಚಿಪ್, ಮೇಲೆ ಒಂದೇ ಫ್ಯಾನ್. ಬಿಸಿ ಮೂರೂ ಕಡೆ ಸಮನಾಗಿ ಹಂಚಿಹೋದರೆ ಇದು ಬಹಳ ಜಾಣ ಏರ್ಪಾಡು. ಆದರೆ ಮುಂದೆ ಮಾರುಕಟ್ಟೆಗೆ ಬೇಕಾಗಿದ್ದು ತುಂಬಾ ಬಿಸಿಯಾಗುವ ಒಂದೇ ದೊಡ್ಡ ಗ್ರಾಫಿಕ್ಸ್ ಕಾರ್ಡ್. ಅದು ಆ ಉರುಳೆಯೊಳಗೆ ಕೂರಲಿಲ್ಲ. ಬಿಸಿಯ ವಿಷಯದಲ್ಲಿ ನಾವೇ ಮೂಲೆಗೆ ಸಿಕ್ಕಿಕೊಂಡೆವು ಎಂದು 2017ರಲ್ಲಿ ಕಂಪನಿಯವರೇ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಹೊಸದು ಬರಲು 2019ರ ತನಕ ಕಾಯಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗೆ.

ಈಗ ಕಡಿಮೆ ವಿದ್ಯುತ್ ಉಣ್ಣುವ ಚಿಪ್‌ಗಳು ಬಂದು ಪರಿಸ್ಥಿತಿ ಬಹಳ ಸುಧಾರಿಸಿದೆ. 12.7 ಸೆಂ.ಮೀ. ಚೌಕದ ಮ್ಯಾಕ್ ಮಿನಿಯೊಳಗೆ ಪವರ್ ಸಪ್ಲೈ ಕೂಡ ಸೇರಿಕೊಂಡಿದೆ. ಆದರೂ ಕೊಳ್ಳುವ ಮುಂಚೆ ಪರೀಕ್ಷೆ ಮಾಡಿ. ಒಂದು ದೊಡ್ಡ ವಿಡಿಯೊ ಎಕ್ಸ್‌ಪೋರ್ಟ್ ಮಾಡಲು ಬಿಟ್ಟು ಅರ್ಧ ಗಂಟೆ ಪಕ್ಕದಲ್ಲೇ ಕೂರಿ. ಮೊದಲ ಐದು ನಿಮಿಷ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಫ್ಯಾನ್ ಎಷ್ಟು ಸದ್ದು ಮಾಡುತ್ತದೆ, ಅದೇ ಕೆಲಸ ಎರಡನೇ ಸಲ ಮಾಡಲು ಜಾಸ್ತಿ ಹೊತ್ತು ಹಿಡಿಯುತ್ತದಾ ಎಂದು ನೋಡಿ. ಅಂಗಡಿಯಲ್ಲಿ ಇದು ಆಗದ ಮಾತು, ನಿಜ. ಹಾಗಿದ್ದರೆ ಹೊತ್ತುಗಟ್ಟಲೆ ಓಡಿಸಿ ಬರೆದ ವಿಮರ್ಶೆಗಳನ್ನು ಹುಡುಕಿ ಓದಿ.

5. ಯಾವುದು ಯಾವುದಕ್ಕೆ ಅಂಟಿಕೊಂಡಿದೆ?

ನನ್ನನ್ನು ಕೇಳಿದರೆ ಉಳಿದದ್ದೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ. ಕಂಪ್ಯೂಟರ್‌ನ ಭಾಗಗಳು ಒಟ್ಟಿಗೆ ಹಳೆಯದಾಗುವುದಿಲ್ಲ. ಒಳ್ಳೆಯ ಪರದೆ ಹತ್ತು ವರ್ಷ ಆರಾಮಾಗಿ ಬಾಳುತ್ತದೆ. ಲೋಹದ ಮೈ ಅದಕ್ಕಿಂತ ಜಾಸ್ತಿ. ಪ್ರೊಸೆಸರ್, ಗ್ರಾಫಿಕ್ಸ್ ಐದಾರು ವರ್ಷಕ್ಕೆ ಏದುಸಿರು ಬಿಡಲು ಶುರು. ಬಹಳ ಬಾಳುವುದನ್ನು ಬೇಗ ಹಳೆಯದಾಗುವುದಕ್ಕೆ ಅಂಟಿಸಿ ಮಾರಿದರೆ ಎರಡೂ ಒಂದೇ ದಿನ ಮೂಲೆ ಸೇರುತ್ತವೆ.

ಮೈಕ್ರೋಸಾಫ್ಟ್ 2016ರಲ್ಲಿ ತಂದ ಸರ್ಫೇಸ್ ಸ್ಟುಡಿಯೊ ನೆನಪಿದೆಯಾ? 28 ಇಂಚಿನ ಟಚ್ ಪರದೆ, 4500×3000 ಪಿಕ್ಸೆಲ್. ಬೆರಳಿನಿಂದ ತಳ್ಳಿದರೆ ಚಿತ್ರ ಬರೆಯುವ ಮೇಜಿನ ಹಾಗೆ ಮಲಗುತ್ತಿತ್ತು. ಕಲಾವಿದರು ಬಾಯಿ ಬಿಟ್ಟುಕೊಂಡು ನೋಡಿದರು. ನನಗೂ ಅಂದಿಗೂ ಇಂದಿಗೂ ಅದು ಅತಿ ಚಂದದ ಡೆಸ್ಕ್‌ಟಾಪ್. ಬೆಲೆ 2,999 ಡಾಲರ್‌ನಿಂದ ಶುರು. ಆದರೆ ಒಳಗಿದ್ದದ್ದು ಲ್ಯಾಪ್‌ಟಾಪ್ ದರ್ಜೆಯ ಭಾಗಗಳು, ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್, ಜೊತೆಗೆ ತಿರುಗುವ ತಟ್ಟೆಯ ಹೈಬ್ರಿಡ್ ಡ್ರೈವ್. ವಿಂಡೋಸ್ 11 ಬಂದಾಗ ಅದು ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇದು ಇರಲೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಪರದೆ ಇನ್ನೂ ಜಗಜಗ ಅನ್ನುತ್ತದೆ. ಆದರೆ ಹೊಸ ಕಂಪ್ಯೂಟರ್‌ಗೆ ಅದನ್ನು ಮಾನಿಟರ್ ಆಗಿ ಜೋಡಿಸೋಣ ಅಂದರೆ ಹೊರಗಿನಿಂದ ಚಿತ್ರ ತೆಗೆದುಕೊಳ್ಳುವ ಸಾಕೆಟ್ಟೇ ಅದರಲ್ಲಿಲ್ಲ!

2022ರ ಕೊನೆಯ ಆವೃತ್ತಿಯಲ್ಲೂ ಕತೆ ಬದಲಾಗಲಿಲ್ಲ. 4,300 ಡಾಲರ್ ಆಸುಪಾಸಿನ ಆ ಕಂಪ್ಯೂಟರ್‌ನಲ್ಲಿ 11ನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್ ಇತ್ತು. ಹೊರಗೆ ಆಗಲೇ 12ನೆಯದು ಮಾರಾಟಕ್ಕಿತ್ತು.

ಐಮ್ಯಾಕ್ ಬಳಸುವವರಿಗೂ ಇದೇ ಗತಿ. 2009ರ ಕೊನೆಯಿಂದ 2014ರ ಮಧ್ಯದವರೆಗಿನ ಹಲವು ಐಮ್ಯಾಕ್‌ಗಳನ್ನು ಒಂದು ಕೇಬಲ್ ಹಾಕಿ ಮಾನಿಟರ್ ಆಗಿ ಬಳಸಬಹುದಿತ್ತು. 5ಕೆ ಬಂದ ಮೇಲೆ ಆ ಸೌಲಭ್ಯ ಹೋಯಿತು. ಈಗ ಕೈಚಳಕ ಇರುವ ಕೆಲವರು ಒಳಗಿನದನ್ನೆಲ್ಲ ಕಿತ್ತು, ಬೇರೆ ಕಂಟ್ರೋಲರ್ ಬೋರ್ಡ್ ಹಾಕಿ ಪರದೆಯನ್ನು ಉಳಿಸಿಕೊಳ್ಳುತ್ತಾರೆ. ಎಲ್ಲರಿಗೂ ಆಗುವ ಕೆಲಸವಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು: ಇದರ ಪರದೆಗೆ ಬೇರೆ ಕಂಪ್ಯೂಟರ್ ಜೋಡಿಸಬಹುದಾ? ರ‍್ಯಾಮ್, ಎಸ್‌ಎಸ್‌ಡಿ ಬದಲಿಸಬಹುದಾ? ಪವರ್ ಸಪ್ಲೈ ಕೆಟ್ಟರೆ ಮಾಮೂಲಿ ಅಳತೆಯದು ಕೂರುತ್ತದಾ, ಇಲ್ಲ ಕಂಪನಿಯದೇ ಬೇಕಾ? ಮೂರಕ್ಕೂ ‘ಇಲ್ಲ’ ಎಂದು ಬಂದರೆ ಆ ಕಂಪ್ಯೂಟರ್‌ನ ಆಯಸ್ಸು ಅದರ ಅತಿ ದುರ್ಬಲ ಭಾಗದ ಆಯಸ್ಸು.

6. ಕೈ ಇಡುವ ಕಡೆ ನೋಡಿ

ಫೋಟೊದಲ್ಲಿ ಕಾಣುವ ಚಂದ ಬೇರೆ, ಬಳಸುವಾಗ ಸಿಗುವ ಸುಖ ಬೇರೆ. 2021ರ ಐಮ್ಯಾಕ್ ದಪ್ಪ ಬರೀ 11.5 ಮಿ.ಮೀ. ಹೆಡ್‌ಫೋನ್ ಸಾಕೆಟ್‌ಗೆ ಬೇಕಾದ ಆಳ 14 ಮಿ.ಮೀ. ಹಿಂದುಗಡೆ ಹಿಡಿಸದೆ ಅದನ್ನು ಪಕ್ಕಕ್ಕೆ ತಂದರು. ಇದು ಒಳ್ಳೆಯದೇ ಆಯಿತು, ಕೈಗೆ ಸಿಗುತ್ತದೆ. ಇಂಟರ್ನೆಟ್ ವೈರು ಚುಚ್ಚುವ ಈಥರ್ನೆಟ್ ಸಾಕೆಟ್ ಮಾತ್ರ ನೆಲದ ಮೇಲಿನ ಪವರ್ ಅಡಾಪ್ಟರ್‌ಗೆ ಹೋಯಿತು. 2024ರ ಮ್ಯಾಕ್ ಮಿನಿಯ ಪವರ್ ಬಟನ್ ಅದರ ಹೊಟ್ಟೆಯ ಕೆಳಗಿದೆ, ಒತ್ತಬೇಕಾದರೆ ಒಂದು ಮೂಲೆ ಎತ್ತಬೇಕು. ಇನ್ನು ಆಪಲ್‌ನ ಮೌಸ್. 2015ರಿಂದ ಅದರ ಚಾರ್ಜಿಂಗ್ ಸಾಕೆಟ್ ತಳದಲ್ಲಿದೆ. ಚಾರ್ಜ್‌ಗೆ ಹಾಕಿದಾಗ ಮೌಸ್ ಮಗ್ಗುಲಾಗಿ ಬಿದ್ದಿರುತ್ತದೆ, ಬಳಸುವ ಹಾಗಿಲ್ಲ. 2024ರಲ್ಲಿ ಸಾಕೆಟ್‌ನ ಜಾತಿ ಬದಲಿಸಿದರು, ಜಾಗ ಬದಲಿಸಲಿಲ್ಲ. ಯಾಕೋ ಗೊತ್ತಿಲ್ಲಪ್ಪ!

7. ವರ್ಷಕ್ಕೆ ಎಷ್ಟು ಬಿತ್ತು?

ಲೆಕ್ಕ ಸುಲಭ. ಕೊಂಡ ಬೆಲೆಯಲ್ಲಿ ಮುಂದೆ ಮಾರಿದರೆ ಬರುವ ದುಡ್ಡನ್ನು ಕಳೆಯಿರಿ, ಬಳಸುವ ವರ್ಷಗಳಿಂದ ಭಾಗಿಸಿ. ಸಾದಾ ಕಂಪ್ಯೂಟರ್ 100 ಇದ್ದು ಐದು ವರ್ಷದ ಮೇಲೆ 10ಕ್ಕೆ ಮಾರಿದರೆ ವರ್ಷಕ್ಕೆ 18. ಚಂದದ್ದು 160 ಇದ್ದು 50ಕ್ಕೆ ಹೋದರೆ ವರ್ಷಕ್ಕೆ 22. ವ್ಯತ್ಯಾಸ ಬರೀ 4! ಹೆಸರುಳ್ಳ ಕಂಪನಿಯ ಮಾಲಿಗೆ ಸೆಕೆಂಡ್ ಹ್ಯಾಂಡ್ ಬೆಲೆ ಚೆನ್ನಾಗಿರುವುದರಿಂದ ಹೀಗಾಗುತ್ತದೆ. ಆದರೆ ನಡುವೆ ಬೋರ್ಡ್ ಸುಟ್ಟುಹೋದರೆ ಈ ಲೆಕ್ಕ ಪೂರ್ತಿ ತಲೆಕೆಳಗು. ಹಾಗೆಯೇ ಸಾಫ್ಟ್‌ವೇರ್ ಬೆಂಬಲ ನಿಂತರೂ ಮಾರುವ ಬೆಲೆ ಕುಸಿಯುತ್ತದೆ. 2019ರ ಆ ಮ್ಯಾಕ್ ಪ್ರೊ ಇಂಟೆಲ್ ಚಿಪ್‌ನದು. 2025ರ ಮ್ಯಾಕ್‌ಒಎಸ್ ಟಾಹೋ (ಆಪಲ್ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ದೊಡ್ಡ ಆವೃತ್ತಿ ಎಂದು ಕಂಪನಿ ಹೇಳಿಬಿಟ್ಟಿದೆ.

8. ಇನ್ನೊಂದು ದಾರಿಯೂ ಇದೆ

ಚಂದ ಬೇಕು, ಅಂಟಿಸಿದ್ದು ಬೇಡ ಅನ್ನುವವರು ಬಿಡಿಬಿಡಿಯಾಗಿ ಕೊಳ್ಳಬಹುದು. 17 ಸೆಂ.ಮೀ. ಚೌಕದ ಮಿನಿ-ಐಟಿಎಕ್ಸ್ ಎಂಬ ಅಳತೆಯ ಮುಖ್ಯ ಬೋರ್ಡ್ ಹಿಡಿಸುವ ಪುಟ್ಟ ಕೇಸ್‌ಗಳು ಬೇಕಾದಷ್ಟಿವೆ. ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್ ಕಂಪನಿಯ ನಾರ್ತ್ ಎಂಬ ಕೇಸ್‌ನ ಮುಂಭಾಗಕ್ಕೆ ನಿಜವಾದ ಮರದ ಪಟ್ಟಿಗಳಿವೆ. ಅವುಗಳ ಸಂದಿಯಿಂದಲೇ ಗಾಳಿ ಒಳಗೆ ಹೋಗುತ್ತದೆ. ಒಳಗಿನ ಭಾಗಗಳೆಲ್ಲ ಮಾಮೂಲಿ ಅಳತೆಯವು. ಐದು ವರ್ಷದ ಮೇಲೆ ಬೋರ್ಡ್ ಬದಲಿಸಿದರೂ ಅದೇ ಕೇಸ್ ನಡೆಯುತ್ತದೆ. ಜೋಡಿಸುವ ಉಸಾಬರಿ ಬೇಡ ಅಂದರೆ ಒಂದು ಮಿನಿ ಕಂಪ್ಯೂಟರ್, ಜೊತೆಗೆ ಒಂದು ಒಳ್ಳೆಯ ಮಾನಿಟರ್. ದುಡ್ಡಿನ ದೊಡ್ಡ ಪಾಲನ್ನು ಮಾನಿಟರ್‌ಗೇ ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಆ ಅಂಟಿಸಿದ ಚಂದದ ಕಂಪ್ಯೂಟರೇ ಬೇಕು ಅನ್ನಿಸಿದರೆ ತಗೊಳ್ಳಿ, ಸುಮ್ನೆ ಮನಸ್ಸು ಕೆಡಿಸಿಕೊಳ್ಳಬೇಡಿ. ಆರ್ಡರ್ ಮಾಡುವಾಗ ರ‍್ಯಾಮ್ ಮಾತ್ರ ಈಗ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಇರಲಿ, ಆಮೇಲೆ ಸೇರಿಸಲಾಗುವುದಿಲ್ಲ ಅಲ್ವಾ. ಸ್ಟೋರೇಜ್ ಶುರುವಿನದೇ ಸಾಕು. ಫೋಟೊ, ವಿಡಿಯೊ ಎಲ್ಲ ಹೊರಗಿನ ಎಸ್‌ಎಸ್‌ಡಿಗೆ ಹಾಕಿ. ಮುಂದಿನ ಕಂಪ್ಯೂಟರ್ ಬಂದಾಗ ಅದನ್ನೇ ಕಿತ್ತು ಅದಕ್ಕೆ ಚುಚ್ಚಬಹುದು.