ಹೊಳೆ ದಡದ ಹಳೇ ತೊಟ್ಟಿಮನೆ ಕೊಳ್ಳುವ ಮುಂಚೆ

ತೀರ್ಥಹಳ್ಳಿ ಕಡೆ ತುಂಗೆ ದಡದಲ್ಲಿ ಹಳೇ ತೊಟ್ಟಿಮನೆ ಮಾರಾಟಕ್ಕಿದೆ ಅಂತ ಗೊತ್ತಾದರೆ ಮಾರ್ಚ್‌ನಲ್ಲಿ ನೋಡಿಕೊಂಡು ಅಲ್ಲೇ ಅಡ್ವಾನ್ಸ್ ಕೊಟ್ಟು ಬರಬೇಡಿ. ಬೇಸಿಗೆಯಲ್ಲಿ ಎಲ್ಲ ಮನೆಯೂ ಚಂದವೇ. ಜುಲೈನಲ್ಲಿ ಜಡಿಮಳೆ ಹಿಡಿದಾಗ ಹೋಗಿ. ಶಿವಮೊಗ್ಗದ ಕೋರ್ಪಲಯ್ಯನ ಮಂಟಪ ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಲೆಕ್ಕ ಅಲ್ವಾ, ಆ ಸುದ್ದಿ ಬಂದ ವಾರವೇ ಸರಿಯಾದ ಸಮಯ.

ಹಳಬರು ಸಾಮಾನ್ಯವಾಗಿ ದಿಬ್ಬ ನೋಡಿಯೇ ಮನೆ ಕಟ್ಟಿರುತ್ತಾರೆ. ಮುಳುಗುವುದು ಜಾಸ್ತಿ ತೋಟ ಮತ್ತು ದಾರಿ. ಹಳ್ಳದ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಕೊಚ್ಚಿಹೋದರೆ ಪೇಟೆಗೆ ಹೋಗುವುದು ಹೇಗೆ ಅಂತ ಕೇಳಿ. 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಏರಿತ್ತು ಅನ್ನುವುದನ್ನು ಪಕ್ಕದ ತೋಟದವರ ಬಾಯಿಂದ ಕೇಳಿಸಿಕೊಳ್ಳಿ.

ಒಳಗೆ ಹೋದವರು ಜಗುಲಿಯ ಕೆತ್ತನೆ ಕಂಬ ನೋಡುತ್ತಾ ನಿಂತುಬಿಡುತ್ತಾರೆ. ನೀವು ಮೊದಲು ಅಟ್ಟ ಹತ್ತಿ. ಟಾರ್ಚ್ ಹಿಡಿದು ಪಕಾಸಿ, ಅಂದರೆ ಮಾಡು ಹೊರುವ ಓರೆ ಮರಗಳು, ಗೋಡೆಯ ಮೇಲೆ ಕೂರುವ ಜಾಗ ನೋಡಿ, ಆಮೇಲೆ ತೊಟ್ಟಿಯ ನಾಲ್ಕು ಮೂಲೆ, ಅಂದರೆ ಎರಡು ಕಡೆಯ ಮಾಡು ಸೇರಿ ನೀರೆಲ್ಲ ಒಟ್ಟಾಗಿ ಇಳಿಯುವ ಕಡೆ. ಸೋರಿಕೆ ಶುರುವಾಗುವುದೇ ಅಲ್ಲಿ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಗಟ್ಟಿ ಮರಕ್ಕೆ ತುದಿ ಇಳಿಯುವುದಿಲ್ಲ. ಒರಲೆ (ಗೆದ್ದಲು) ಹಿಡಿದಿದ್ದರೆ ಮೇಲೆ ಪಾಲಿಶ್ ಹೊಳೆಯುತ್ತಿದ್ದರೂ ಒಳಗಿಂದ ಪುಡಿ ಉದುರುತ್ತದೆ. ಮಣ್ಣಿನ ಗೋಡೆಗೆ ಇತ್ತೀಚೆಗೆ ಸಿಮೆಂಟ್ ಬಳಿದಿದ್ದರೆ ಅನುಮಾನ ಪಡಿ, ಥಂಡಿ ಆರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಮೆತ್ತಗಾಗಿರುತ್ತದೆ.

ಪಹಣಿ, ಮ್ಯುಟೇಷನ್, ಇಸಿ (ಋಣಭಾರ ಪತ್ರ) ಎಲ್ಲರೂ ತೆಗೆಸುತ್ತಾರೆ. ತಕರಾರು ಬರುವುದು ಸಹಿಯಲ್ಲಿ. ಇಂಥ ಮನೆ ಹೆಚ್ಚಾಗಿ ಒಟ್ಟು ಕುಟುಂಬದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಹಾಗಾಗಿ ವಂಶವೃಕ್ಷ ತರಿಸಿ, ಮದುವೆಯಾಗಿ ಮುಂಬೈ ಸೇರಿದ, ಮಾರುವವರ ಸೋದರತ್ತೆಯ ಸಹಿಯೂ ಬೇಕಾ ಅಂತ ವಕೀಲರ ಹತ್ತಿರ ಕೇಳಿ. ತೋಟದ ಹಿಂದಿನ ಗುಡ್ಡ ತೋರಿಸಿ 'ಇದೂ ಸೇರಿ' ಅಂದರೆ ಸುಮ್ನೆ ತಲೆಯಾಡಿಸಬೇಡಿ. ಅದು ಸೊಪ್ಪಿನ ಬೆಟ್ಟ ಆಗಿದ್ದರೆ ಸಿಗುವುದು ಸೊಪ್ಪು, ದರಗು (ಒಣ ಎಲೆ) ತರುವ ಸವಲತ್ತು, ಜಾಗ ಸರ್ಕಾರದ್ದು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕಾನೂನು ಸಡಿಲವಾಗಿದೆ, ಆ ಚಿಂತೆ ಬೇಡ.

ಕರಾರಿನಲ್ಲಿ ಕಂಬ, ಹೆಬ್ಬಾಗಿಲು, ಬಚ್ಚಲಿನ ತಾಮ್ರದ ಹಂಡೆ ಎಲ್ಲವನ್ನೂ ಒಂದೊಂದಾಗಿ ಬರೆಸಿ, ಫೋಟೋ ಅಂಟಿಸಿ. ಇಲ್ಲದಿದ್ದರೆ ರಿಜಿಸ್ಟ್ರೇಷನ್ ಹೊತ್ತಿಗೆ ಕಂಬದ ಜಾಗದಲ್ಲಿ ಸಿಮೆಂಟ್ ಪಿಲ್ಲರ್ ಇರಬಹುದು. ಮನೆ ಬಿಚ್ಚಿ ಮರ ಸಾಗಿಸುವ ಯೋಚನೆ ಇರುವವರು ದಯವಿಟ್ಟು ಕೊಳ್ಳಲೇಬೇಡಿ. ಈ ಮನೆಗಳು ಇದ್ದಲ್ಲೇ ಉಳಿಯಬೇಕು, ಒಲೆ ಹೊತ್ತಿಸುವ ಜನ ಬೇಕು.

ಇನ್ನೊಂದು, ತೋಟದ ಮೂಲೆಯಲ್ಲಿ ಚೌಡಿ ಕಲ್ಲೋ ನಾಗರಬನವೋ ಇದ್ದರೆ ಯಾರು ಯಾವಾಗ ಪೂಜೆ ಮಾಡುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಆ ದಾರಿಗೆ ಬೇಲಿ ಹಾಕಬೇಡಿ.